ಸಾಸಿವೆಯ ಕೈ

ನಮ್ಮ ಮನೆಯ ಮಾವಿನ ಉಪ್ಪಿನಕಾಯಿಗೆ ಬೀಳುವ ಅರೆದ ಸಾಸಿವೆ ಅಜ್ಜಿಯ ಕೆಲಸ. ಅವಳಿರುವುದು ಚಿಕ್ಕೇರೂರಿನಲ್ಲಿ, ಸೋದರಮಾವನ ಮನೆಯಲ್ಲಿ. ಪ್ರತಿ ಏಪ್ರಿಲ್‌ನಲ್ಲಿ ಹಾನಗಲ್ಲಿಗೆ ಬಂದು, ಒರಳಿನ ಮುಂದೆ ಕುಳಿತು ತಾನೇ ಅರೆಯುತ್ತಿದ್ದಳು. ಈ ವರ್ಷ ಅವಳ ಬಲ ಮಣಿಕಟ್ಟು ಬಾತಿತ್ತು. ನಾನೇ ಅರೆಯುತ್ತೇನೆ ಎಂದೆ.

“ಅರಿ ನೋಡೂಣು. ಚಲೋ ಬರಲಿಲ್ಲಂದ್ರ ನಾನ ಬಂದು ಕುಂದರ್ತೇನಿ,” ಎಂದಳು ಫೋನಿನಲ್ಲಿ.

ಬಾತ ಮಣಿಕಟ್ಟಿನಲ್ಲಿ ಅವಳನ್ನು ಒರಳಿಗೆ ಕೂರಿಸಬಾರದು ಎಂಬುದೇ ನನ್ನ ಹಟ. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ: ಸಾಸಿವೆ ಒಂದು ಬಟ್ಟಲು, ಉಪ್ಪು, ಚಿಟಿಕೆ ಅರಿಶಿನ, ತಣ್ಣೀರು. ಕೊನೆಗೆ ಹೇಳಿದಳು, “ಅರದ ಮ್ಯಾಲ ಕೈ ಬಿಡೂತನಕ ತಡೀಬೇಕವ್ವ.” ನಾನು ಬರೆದದ್ದು: ಕೈಗೆ ಅಂಟದಂತಾಗುವವರೆಗೆ ಕಾಯುವುದು.

ಏಪ್ರಿಲ್ ಎರಡು: ಇಪ್ಪತ್ತು ನಿಮಿಷಕ್ಕೆ ಕೈ ಬಿಟ್ಟಿತು. ರುಚಿ ಕಹಿ. ನಾಲ್ಕು: ಮಡಕೆಯ ನೀರು, ಇಪ್ಪತ್ತೈದು ನಿಮಿಷ. ಕಹಿ. ಏಳು: ಪೇಟೆಯಿಂದ ಹೊಸ ಸಾಸಿವೆ, ಹದಿನೆಂಟು ನಿಮಿಷ. ಅವ್ವ ನಾಲಗೆಗಿಟ್ಟು ಮುಖ ಕಿವುಚಿದಳು.

“ಸಾಸ್ವಿ ಅರದೀಯೋ, ಬೇವಿನಕಾಯಿ ಅರದೀಯೋ?”

ಚೆಲ್ಲಲು ಮನಸ್ಸಾಗದೆ ಮೂರನ್ನೂ ಡಬ್ಬಿಯಲ್ಲಿ ಮುಚ್ಚಿಟ್ಟೆ. ಅವ್ವನಿಂದ ಸುದ್ದಿ ತಿಳಿದು ಮರುದಿನ ಅಜ್ಜಿ ಬಸ್ಸಿಳಿದು ಬಂದಳು. ಏಳನೆಯ ತಾರೀಖಿನ ಡಬ್ಬಿ ತೆರೆದು, ಬೆರಳು ಅದ್ದಿ ತೋರಿಸಿದೆ.

“ನೋಡಜ್ಜಿ, ಒಂದೀಟೂ ಅಂಟಂಗಿಲ್ಲ. ಆದ್ರೂ ಕೈ ಐತಿ.”

ಅಜ್ಜಿ ನನ್ನ ಬೆರಳನ್ನು ನೋಡಿದಳು, ನಾನು ಬರೆದುಕೊಂಡಿದ್ದ ಪಟ್ಟಿಯನ್ನು ನೋಡಿದಳು, ಆಮೇಲೆ ಗೋಡೆಗೊರಗಿ ನಗತೊಡಗಿದಳು.

“ಈ ಕೈ ಅಲ್ಲಲೇ ಹುಚ್ಚಿ! ಹಾಗಲಕಾಯಿ ಕೈ! ಬಾಯಾಗಿನ ಕೈ! ಅದು ಹೋಗಾಕ ಎರಡ ದಿನಾರ ಬೇಕು.”

ನಮ್ಮ ಮಾತಿನಲ್ಲಿ ಕಹಿಗೂ ‘ಕೈ’ ಎಂದೇ ಹೆಸರು; ಹಾಗಲಕಾಯಿಯನ್ನು ‘ಕೈ’ ಎಂದು ದೂರ ತಳ್ಳುವವಳು ನಾನೇ. ಪೆನ್ನು ಹಿಡಿದಾಗ ಮಾತ್ರ ಆ ಕೈ ನೆನಪಾಗಲಿಲ್ಲ.

“ಮೊದಲ ಅರದಿದ್ದು ಯಾವುದು?” ಎಂದಳು. ಎರಡನೆಯ ತಾರೀಖಿನ ಡಬ್ಬಿ ಕೊಟ್ಟೆ. ಆರು ದಿನ ಯಾರೂ ಮುಟ್ಟದ ಸಾಸಿವೆ. ಅಜ್ಜಿ ನಾಲಗೆಗಿಟ್ಟು ಕಣ್ಣು ಮುಚ್ಚಿದಳು.

“ಅಯ್ಯಯ್ಯ, ಮೂಗಿಗೆ ಏರ್ತವ್ವೋ!” ಎಂದು ಮೂಗು ಹಿಡಿದುಕೊಂಡಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನಾನೂ ಅವ್ವನೂ ತಿಂದೆವು. ಕಹಿಯ ಸುಳಿವಿಲ್ಲ, ಖಾರ ನೇರ ನೆತ್ತಿಗೆ. ಸೀನು: ನನ್ನವು ನಾಲ್ಕು, ಅವ್ವನವು ಎರಡು.

ಅಜ್ಜಿ ಮಾವಿನ ಹೋಳಿನ ಬೋಗುಣಿಯನ್ನು ನನ್ನ ಕಡೆಗೆ ಸರಿಸಿದಳು.

“ಕಲಸು. ಮುಂದಿನ ವರ್ಷ ಎರಡ ಬಟ್ಟಲ ಅರಿ. ನಾ ಬರೇ ತಿನ್ನಾಕ ಬರ್ತೇನಿ.”