ನೀರೊಲಿ ಮ್ಯಾಲ ಹಂದಿ ಪಕ್ಕೆಲುಬು

ಇವತ್ತು ಮುಂಜಾನಿ ಸಿಂದಗಿ ಪ್ಯಾಟ್ಯಾಗ ಮಿಕ್ಸರ್ ರಿಪೇರಿಗೆ ಕೊಡಲಿಕ್ಕೆ ಹೋಗಿದ್ದೆ. ಅಂಗಡಿ ಕಪಾಟಿನ್ಯಾಗ ಒಂದು ದಪ್ಪನ್ನ ಕರೆಂಟ್ ಪಾತ್ರಿ ಕೂತಿತ್ತು. ಅಂಗಡಿಯವ ತಾನೇ ಅದನ್ನ ಅನುಮಾನದಿಂದ ನೋಡಿಕೋತ, "ಸ್ಲೋ ಕುಕರ್ ಅಂತ್ರಿ ಬಾಯಾರ. ಮುಂಜಾನಿ ಹಚ್ಚಿದ್ರ ಸಂಜಿಗೆ ಬೇಯ್ತೈತಂತ. ಇದರಾಗ ಯಾರು ಏನ್ ಮಾಡ್ತಾರೋ!" ಅಂದ.

"ಹಂದಿ ಪಕ್ಕೆಲುಬು ಭಾಳ ಛಲೋ ಬೇಯ್ತಾವ," ಅಂದೆ.

ಆತ ನನ್ನ ಹಣಿ ಮ್ಯಾಲಿನ ಕುಂಕುಮ ನೋಡಿದ. ಕೊರಳಾಗಿನ ತುಳಸಿ ಸರ ನೋಡಿದ. ಆತನ ಮಗಳಿಗೆ ಸಾಲ್ಯಾಗ ವಿಜ್ಞಾನ ಕಲಿಸಿದಾಕಿ ನಾನು, ಹಿಂಗಾಗಿ ತಲಿ ಬಗ್ಗಿಸಿ ಮಿಕ್ಸರಿನ ಸ್ಕ್ರೂ ಬಿಚ್ಚಲಿಕ್ಕೆ ಹತ್ತಿದ.

ನೀವರೆ ತಪ್ಪು ತಿಳೀಬ್ಯಾಡ್ರಿ. ನಾನು ಹುಟ್ಟಿದಾಗಿಂದ ತತ್ತಿ ಸೈತ ಮುಟ್ಟಿದಾಕಿ ಅಲ್ಲ. ನಮ್ಮದು ವೈಷ್ಣವರ ಮನಿ. ಏಕಾದಶಿ ದಿವಸ ನೀರು ಕುಡಿಯೋದೂ ಒಂದು ವಾದದ ವಿಷಯ. ಆ ವಾದಕ್ಕ ತೀರ್ಪು ಕೊಡೋರು ನಮ್ಮ ಕಾಕು, ಅಂದ್ರ ನಮ್ಮ ಮನಿಯವರ ಕಾಕಾನ ಹೆಂಡತಿ. ಮಡಿ ವಿಷಯದಾಗ ಕಾಕು ಅಂದ್ರ ಹೈಕೋರ್ಟು. ಮಡಿಯೊಳಗ ಹಿತ್ತಾಳಿ ಡಬ್ಬಿ ಮುಟ್ಟಬಹುದು, ಪ್ಲಾಸ್ಟಿಕ್ ಮುಟ್ಟಬಾರದು. ಲೈಟಿನ ಸ್ವಿಚ್ ಒತ್ತಬಹುದು, ಆದ್ರ ಕಟಗಿ ಸೌಟಿಲೆ. ಒಂದೊಂದಕ್ಕೂ ಅವರ ಹಂತೇಕ ಒಂದೊಂದು ಕಾರಣ ಅದ. ಇಷ್ಟು ವರ್ಷ ವಿಜ್ಞಾನ ಕಲಿಸೀನಿ, ಆ ಕಾರಣಗಳೊಳಗ ಒಂದನ್ನೂ ಮುರೀಲಿಕ್ಕೆ ನನಗ ಆಗಿಲ್ಲ.

ಕೆಲವು ವರ್ಷದ ಹಿಂದ ನಮ್ಮ ಮ್ಯಾಲಿನ ಖೋಲಿ ಬಾಡಿಗಿಗೆ ಕೇಳಿಕೊಂಡು ರಿನಿ ಬಂದ್ಲು. ಮಿಜೋರಾಂದ ಹುಡುಗಿ, ಇಲ್ಲಿ ಬ್ಯಾಂಕಿನ್ಯಾಗ ನೌಕರಿ. ಕನ್ನಡ ಕಲ್ತದ್ದು ಕೌಂಟರಿಗೆ ಬರೋ ರೈತರ ಕಡಿಂದ. ಹಿಂಗಾಗಿ ನಾವು "ಅದ" ಅಂದ್ರ ಆಕಿ "ಐತಿ" ಅಂತಿದ್ಲು, ಅದೂ ಸಾಲಿನ ಕಡೀ ಮನಷ್ಯಾಗ ಕೇಳೋ ಹಂಗ.

ಕಾಕುಂದು ಒಂದೇ ಕರಾರು. "ಮ್ಯಾಲಿನ ಒಲಿ ಸರಿಯಾಗಿ ನಮ್ಮ ದೇವರ ತಲಿ ಮ್ಯಾಲ ಬರ್ತದ. ಆ ಒಲಿ ಮ್ಯಾಲ ಮಾಂಸ-ಗೀಂಸ ಬೇಯಿಸಬಾರದು."

"ಬೇಯ್ಸೂದಿಲ್ರಿ ಅಜ್ಜಿ. ಮಾತ ಕೊಟ್ಟೇನಿ," ಅಂದ್ಲು ರಿನಿ.

ಮುಂದ ರವಿವಾರಕ್ಕೊಮ್ಮೆ ಮ್ಯಾಲಿಂದ ಒಂದು ವಾಸನಿ ಇಳೀಲಿಕ್ಕೆ ಹತ್ತಿತು. ಹಸಿ ಶುಂಠಿ, ಬೆಲ್ಲ, ಹುಳಿ, ಖಾರ, ಎಲ್ಲಾ ಸಾವಕಾಶ ಕುದ್ದು ಒಂದಾದ ವಾಸನಿ. ಕಾಕು ಜಪ ನಿಂದರಿಸಿ ಮೂಗು ಏರಿಸಿ, "ಪಂಚಾಮೃತ ಮಾಡ್ಯಾಳ ಹುಡುಗಿ," ಅಂತಿದ್ರು. ಹಾಲು-ಮೊಸರಿನ ಅಭಿಷೇಕದ್ದಲ್ರಿ, ನಮ್ಮ ಕಡೆ ಹಬ್ಬಕ್ಕ ಹಸಿಮೆಣಸಿನಕಾಯಿ, ಹುಣಸಿಹುಳಿ, ಬೆಲ್ಲ, ಶೇಂಗಾ ಹಾಕಿ ಗೊಜ್ಜು ಮಾಡ್ತೀವಲ್ಲ, ಆ ಪಂಚಾಮೃತ. ಕಾಕುನ ಕೈಯಾಗಿನ ಪಂಚಾಮೃತಕ್ಕ ಹೆಸರದ. ಹಿಂಗಾಗಿ ಒಂದು ದಿವಸ ತಡೀಲಾರದೆ ಮೆಟ್ಟಿಲ ಕೆಳಗ ನಿಂತು ಕೂಗಿ ಕೇಳೇಬಿಟ್ರು, "ಅದಕ್ಕ ಏನೇನು ಹಾಕೀದಿ?"

"ಸೋಯಾ ಸಾಸ್ ಐತ್ರಿ, ಶುಂಠಿ ಐತ್ರಿ, ಆಲಮೇಲದ ಬೆಲ್ಲ ಐತ್ರಿ, ಬಳ್ಳೊಳ್ಳಿ ಐತ್ರಿ, ಹಂದಿ ಪಕ್ಕೆಲುಬು ಐತ್ರಿ."

ನಾನು ಕಾಕುನ ಮಾರಿ ನೋಡಿದೆ. ಬಳ್ಳೊಳ್ಳಿ ಅನ್ನೋ ಮುಂದನ ಅದು ಬಾಡಿತ್ತು. ರಿನಿ ಗಾಬರಿಯಾಗಿ ಕೆಳಗಿಳಿದು ಬಂದು, "ಒಲಿ ಹಚ್ಚಿಲ್ರಿ ಅಜ್ಜಿ. ಕರೆಂಟಿನ ಪಾತ್ರಿ ಐತಿ. ಕಿಡಕಿ ಕಡೆ ಇಟ್ಟೇನಿ, ದೇವರ ಮ್ಯಾಲ ಇಲ್ರಿ," ಅಂದ್ಲು. ಕಾಕು ಮ್ಯಾಲಿನ ಕಿಡಕಿ ನೋಡಿದ್ರು, ದೇವರ ಖೋಲಿ ನೋಡಿದ್ರು. ಆಮ್ಯಾಲ ನನ್ನ ಕಡೆ ತಿರುಗಿ, "ನಾ ಒಲಿ ಅಂದಿದ್ದೆ. ಆಕಿ ಮಾತು ಮುರದಿಲ್ಲ," ಅಂದ್ರು. ಮೆಟ್ಟಿಲಿಗೆ ಒಂದು ತಂಬಗಿ ನೀರು ಹೊಡೆದು ಮತ್ತ ಜಪಕ್ಕ ಕೂತ್ರು.

ಆದ್ರ ಆ ತಂಬಗಿ ನೀರು ರಿನಿ ನೋಡಿದ್ಲು. ಅವತ್ತಿನಿಂದ ಪಾತ್ರಿ ಕಟ್ಟಿ ಅಟ್ಟಕ್ಕ ಹಾಕಿದ್ಲು. ಬ್ರೆಡ್ಡು, ಅನ್ನ, ಬ್ಯಾಳಿ, ಅಷ್ಟರಾಗ ತಿಂಗಳು ತಿಂಗಳು ತಗದ್ಲು. ಒಂದಿನ ಆಕಿ ಅಪ್ಪ ಫೋನಿನ್ಯಾಗ, ರವಿವಾರ ಏನು ಮಾಡೀದಿ ಅಂತ ಕೇಳ್ಯಾನ. ಬ್ಯಾಳಿ ಅಂದಾಳ. ಮುಂದಿನ ವಾರನೂ ಬ್ಯಾಳಿ. ಮೂರನೇ ವಾರ ಅಪ್ಪ, "ತನ್ನ ಊಟ ಬೇಯ್ಸಾಕ ಅಂಜಬೇಕಾದ ಊರಾಗ ನನ್ನ ಮಗಳು ಇರೂದು ಬ್ಯಾಡ. ನಾ ಬಂದು ಕರಕೊಂಡು ಹೋಗ್ತೇನಿ, ನೌಕರಿ ಬಿಡು," ಅಂದನಂತ. ರಿನಿ ಇದನ್ನ ನಮ್ಮ ಮೆಟ್ಟಿಲ ಮ್ಯಾಲ ಕೂತು ಹೇಳಿ ಅತ್ಲು. ಆಕಿಗೆ ನೌಕರಿ ಬೇಕಾಗಿತ್ತು. ಯಾಕೋ ಏನೋ, ನಮ್ಮ ಊರೂ ಬೇಕಾಗಿತ್ತು. "ಅಪ್ಪಗ ಒಂದ ಹೊತ್ತು ನನ್ನ ಕೈಲೆ ಊಟ ಹಾಕ್ತೇನ್ರಿ ಅಜ್ಜಿ. ಕರೆಂಟಿನ ಪಾತ್ರ್ಯಾಗ. ಅಂವ ನೋಡಿದ್ರ ನನ್ನ ಇಲ್ಲೇ ಬಿಟ್ಟು ಹೋಗ್ತಾನ."

"ಒಲಿ ಹಚ್ಚಬ್ಯಾಡ," ಅಂದ್ರು ಕಾಕು. ಅದು ಅವರ ಒಪ್ಪಿಗಿ.

ಅಪ್ಪ ಬರೋ ದಿವಸ ರಿನಿ ಸೊಲ್ಲಾಪುರದಿಂದ ಬರ್ಫದಾಗ ತರಿಸಿದ ಪಕ್ಕೆಲುಬು ಪಾತ್ರ್ಯಾಗ ಹಾಕಿ, ಬಟನ್ ಒತ್ತಿ, ಬ್ಯಾಂಕಿಗೆ ಹೋದ್ಲು. ಆಕಿ ಹೋಗಿ ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ಕರೆಂಟ್ ಹೋತು. ಲೈನ್‌ಮನ್‌ಗೆ ಕೇಳಿದ್ರ, "ಕಂಬ ಮುರದೈತ್ರಿ ಬಾಯಾರ, ಸಂಜಿತನಕ ಆಶಾ ಬಿಡ್ರಿ," ಅಂದ. ರಿನಿಗೆ ಫೋನ್ ಮಾಡಿದೆ. ಆಕಿಗೆ ಕೌಂಟರ್ ಬಿಟ್ಟು ಏಳಲಿಕ್ಕೆ ಬರೋ ಹಂಗಿರಲಿಲ್ಲ. "ಅರ್ಧಾ ಬೆಂದದ್ದು ಕೆಡತೈತ್ರಿ," ಅಂದ್ಲು, ದನಿ ಸಣ್ಣಗಾಗಿತ್ತು. "ಮ್ಯಾಲಿನ ಗ್ಯಾಸ್ ಹಚ್ಚಲೇನ?" ಅಂದೆ. "ಬ್ಯಾಡ್ರಿ. ಅಜ್ಜಿಗೆ ಮಾತ ಕೊಟ್ಟೇನಿ."

ಕಾಕು ಎಲ್ಲಾ ಕೇಳಿಸಿಕೊಂಡ್ರು. ನಾನು ಬೈಸಿಕೊಳ್ಳಲಿಕ್ಕೆ ತಯಾರಾಗಿ ನಿಂತೆ.

"ಹಿತ್ತಲದಾಗ ನೀರೊಲಿ ಅದ," ಅಂದ್ರು. "ಜಳಕದ ನೀರು ಕಾಸೋ ಒಲಿ ಅದು. ಅದರ ಮ್ಯಾಲ ಯಾವತ್ತೂ ನೈವೇದ್ಯ ಆಗಿಲ್ಲ. ಅದು ಅಡಗಿ ಒಲಿ ಅಲ್ಲ. ಪಾತ್ರಿ ಮಾತ್ರ ಆಕೀದ ಇರಲಿ."

ನಾನು ರಿನಿಯ ದೊಡ್ಡ ಡಬರಿಯೊಳಗ ಎಲ್ಲಾ ಸುರುವಿಕೊಂಡು, ಉಸಿರು ಬಿಗಿಹಿಡಿದು ತಂದೆ. ಕಾಕು ತುಳಸಿಕಟ್ಟಿ ಹಂತೇಕ ಒಲಿಗೆ ಬೆನ್ನು ಮಾಡಿ ಕಟಗಿ ಮಣಿ ಹಾಕಿಕೊಂಡು ಕೂತ್ರು. ನೋಡೋದಿಲ್ಲ ಅಂತ ಕೂತದ್ದು. ಆದ್ರ ಮೂಗಿಗೆ ಬೆನ್ನು ಎಲ್ಲಿರ್ತದ?

"ಉರಿ ಹೆಚ್ಚಾತು. ಕಟ್ಟಿಗಿ ತಗಿ, ಸಗಣಿ ಕುಳ್ಳು ಇಡು. ಹಾಲು ಕಾಸೋ ಉರಿ ಸಾಕು." ಸ್ವಲ್ಪ ಹೊತ್ತಿಗೆ, "ತಳ ಹಿಡೀಲಿಕ್ಕೆ ಹತ್ಯದ, ಕೈಯಾಡಿಸು." ಮತ್ತ ಸ್ವಲ್ಪ ಹೊತ್ತಿಗೆ, "ಹುಳಿ ಮುಂದಾಗೇದ. ಇನ್ನೊಂದು ಉಂಡಿ ಬೆಲ್ಲ ಹಾಕು." ಹಂದಿಗೆ ಬೆಲ್ಲದ ಹದ ವೈಷ್ಣವರ ಹಿರಿಯಾಕಿ ಹೇಳಿ, ಇನ್ನೊಬ್ಬಾಕಿ ಕೈಯಾಡಿಸಿದ್ದು ಸಿಂದಗಿಯೊಳಗ ಅದೇ ಮೊದಲಿರಬೇಕು. ನಮ್ಮ ಮನಿಯವರು ಇಂಡಿ ಊರಾಗ ಒಂದು ಮದವಿಗೆ ಹೋಗಿದ್ರು. ಹೋಗಿದ್ದು ಛಲೋ ಆತು.

ಹೊತ್ತು ಇಳಿಯೋ ಮುಂದ ಅಪ್ಪ-ಮಗಳು ಬಸ್‌ಸ್ಟ್ಯಾಂಡಿನಿಂದ ಬಂದ್ರು. ಕುಳ್ಳ ಮನಷ್ಯಾ, ಕೈಯಾಗ ಖಾಲಿ ಸೂಟ್‌ಕೇಸ್. ಮಗಳ ಅರಿವಿ ತುಂಬಿಕೊಂಡು ಹೋಗಲಿಕ್ಕೆ ತಂದದ್ದು ಅಂತ ನೋಡಿದ್ರ ತಿಳೀತಿತ್ತು. ಮಾರಿ ಮ್ಯಾಲ ನಗಿ ಇರಲಿಲ್ಲ. ಹಿತ್ತಲದಾಗ ಹೊಗಿ ನೋಡಿದ, ಬೆನ್ನು ಮಾಡಿ ಕೂತ ಮುದುಕಿನ್ನ ನೋಡಿದ, ಮಸಿ ಹತ್ತಿದ ನನ್ನ ಕೈ ನೋಡಿದ. ರಿನಿ ತಮ್ಮ ಭಾಷಾದಾಗ ಏನೋ ಹೇಳಿದ್ಲು. ಇಬ್ಬರೂ ಡಬರಿ ತಗೊಂಡು ಮ್ಯಾಲ ಹೋದ್ರು. ನಾವು ಕೆಳಗ ಕೂತ್ವಿ. ಖರೇ ಹೇಳ್ತೀನಿ, ನನ್ನ ಪರೀಕ್ಷಾ ರಿಸಲ್ಟಿಗೂ ನಾನು ಅಷ್ಟು ಅಂಜಿರಲಿಲ್ಲ.

ಊಟ ಮುಗಿಸಿ ಅಂವ ಇಳಿದು ಬಂದ. ಕಾಕುನ ಮುಂದ ದೂರ ನಿಂತು ಭಾಳ ಹೊತ್ತು ಮಾತಾಡಿದ. ರಿನಿ ಅಳಲಿಕ್ಕೆ ಹತ್ತಿದ್ಲು.

"ಏನಂದ್ರು?" ಕಾಕು ಕೇಳಿದ್ರು.

"ಇಲ್ಲೇ ಇರು ಅಂದಾನ್ರಿ."

"ಇಷ್ಟು ಮಾತಿಗೆ ಅಷ್ಟೇ ಏನು?"

"ಉಳದದ್ದು ಎಲ್ಲಾ ಊಟದ್ದು ಐತ್ರಿ."

ನನಗ ಕಣ್ಣಾಗ ನೀರು ಬಂತು. ಹೊಗಿ ಅಂದೆ. ಕಾಕು ಎದ್ದು, "ಇನ್ನ ಜಳಕ ಮಾಡಬೇಕು," ಅಂತ ಬಚ್ಚಲಿಗೆ ಹೋದ್ರು. ಭಾಳ ಹೊತ್ತು ಹೊರಗ ಬರಲಿಲ್ಲ.

ರಿನಿ ಹೋದ ತಿಂಗಳು ಮುದ್ದೇಬಿಹಾಳಕ್ಕ ವರ್ಗಾ ಆಗಿ ಹೋದ್ಲು. ಖೋಲಿ ಖಾಲಿ ಅದ. ಇವತ್ತು ಮಿಕ್ಸರ್ ಕೊಟ್ಟು ಮನಿಗೆ ಬಂದ್ರ ಪಡಸಾಲ್ಯಾಗ ಹೊರ್ತಿ ಊರಿನ ಒಬ್ಬ ಹುಡುಗಿ ಕೂತಿದ್ಲು. ನರ್ಸ್ ಅಂತ, ಖೋಲಿ ನೋಡಲಿಕ್ಕೆ ಬಂದಾಕಿ. ಕಾಕುನ ವಿಚಾರಣಿ ಆಗಲೇ ಸುರು ಆಗಿತ್ತು. ಒಲಿಯ ಕರಾರು ಯಾವಾಗ ಬರ್ತದೋ ಅಂತ ನಾನು ಬಾಗಿಲದಾಗ ನಿಂತು ದಾರಿ ನೋಡಿದೆ. ಬರಲೇ ಇಲ್ಲ.

"ನಿಮ್ಮಪ್ಪ ನಿನ್ನ ನೋಡಲಿಕ್ಕೆ ಬಂದ್ರ ಏನು ಉಣ್ತಾರ?" ಅಂತ ಕೇಳಿದ್ರು ಕಾಕು.

ಹುಡುಗಿ ಗಾಬರಿಯಾದ್ಲು. "ನಮ್ಮಪ್ಪ? ಏನ್ ಹಾಕಿದ್ರೂ ಉಣ್ತಾನ್ರಿ."

"ಎಲ್ಲಾರ ಅಪ್ಪಗೋಳೂ ಹಂಗ ಅಂತಾರ," ಅಂದ್ರು ಕಾಕು. "ಆತಗ ಏನು ಸೇರ್ತದ, ಅದನ್ನ ಹೇಳು."