ನಾನು ಮಾಡದ ಚಪ್ಪಲಿ

ನನ್ನ ವಯಸ್ಸಿನವರು ತಪ್ಪುಗಳನ್ನು ದೇವರ ಮುಂದೆ ಒಪ್ಪಿಕೊಳ್ಳುತ್ತಾರೆ. ನಾನು ತಪ್ಪು ಮಾಡಿದ್ದು ಒಂದು ಅಂಗಡಿಯಲ್ಲಿ, ಅದೂ ಜಪಾನಿನಲ್ಲಿ. ಅದನ್ನು ಓದುವವರ ಮುಂದೆ ಒಪ್ಪಿಕೊಳ್ಳುವುದೇ ಸರಿ ಅನಿಸಿದೆ.

ನಮ್ಮದು ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯ ಪಕ್ಕದ ಹಳ್ಳಿ. ಮನೆಯಲ್ಲಿ ಕಬ್ಬು, ದ್ರಾಕ್ಷಿ. ಹತ್ತನೆಯ ತರಗತಿ ಮುಗಿಸಿ ನಾನು ತೋಟಕ್ಕೆ ಇಳಿದೆ. ಎಂಬತ್ತರ ದಶಕದ ಕೊನೆಯಲ್ಲಿ ರೈತರ ಮಕ್ಕಳನ್ನು ಒಂದು ವರ್ಷ ಜಪಾನಿನ ರೈತರ ಮನೆಯಲ್ಲಿಟ್ಟು ಬೇಸಾಯ ಕಲಿಸುವ ಯೋಜನೆಯೊಂದಿತ್ತು. ಅದರಲ್ಲಿ ನನ್ನ ಹೆಸರು ಬಂತು. ಆಗ ನನಗೆ ಇಪ್ಪತ್ತಾರು ವರ್ಷ. ಅಲ್ಲಿ ಕೊಟ್ಟ ಗುರುತಿನ ಚೀಟಿಯಲ್ಲಿ ‘ವಿದ್ಯಾರ್ಥಿ’ ಎಂದು ಬರೆದಿತ್ತು.

ಹೊರಡುವ ಮುಂಚೆ ಅಪ್ಪ ನನಗೊಂದು ಜೋಡಿ ಚಪ್ಪಲಿ ಮಾಡಿಸಲು ಅಥಣಿಗೆ ಹೇಳಿಕಳಿಸಿದರು. ಚಪ್ಪಲಿ ಮಾಡುವವರು ನಮ್ಮ ಅಂಗಳಕ್ಕೆ ಬಂದು, ಹಳೆಯ ಪತ್ರಿಕೆಯ ಮೇಲೆ ನನ್ನ ಪಾದದ ಗೆರೆ ಎಳೆದುಕೊಂಡರು. ಈಗ ‘ಬಂದರು’ ಎಂದು ಬರೆಯುತ್ತಿದ್ದೇನೆ. ಆಗ ಅಪ್ಪನ ವಯಸ್ಸಿನ ಆ ಮನುಷ್ಯನಿಗೆ ಹೇಳಿದ್ದು ಹೀಗೆ:

“ಲೇ, ಸಪ್ಪಳಾ ಜೋರ್ ಬರಬೇಕ್ ನೋಡ. ಹಾದ್ಯಾಗ ಹೊಂಟ್ರ ಹಿಂದ ಮುಂದ ಎಲ್ಲಾರೂ ತಿರುಗಿ ನೋಡಬೇಕು.”

“ಹೂನ್ರಿ ಗೌಡ್ರ,” ಎಂದರು ಅವರು. ಹೆಜ್ಜೆ ಇಟ್ಟರೆ ಕರ್‍ರ್ ಎನ್ನುವ ಚಪ್ಪಲಿ ನಮ್ಮ ಸೀಮೆಯಲ್ಲಿ ದೊಡ್ಡಸ್ತಿಕೆಯ ಗುರುತು. ಅವರು ನೀರು ಕೇಳಿದಾಗ ಮನೆಯವರು ಮೇಲಿನಿಂದ ಬೊಗಸೆಗೆ ಹೊಯ್ದರು. ನಾನು ನೋಡುತ್ತಾ ನಿಂತಿದ್ದೆ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಜಪಾನಿನಲ್ಲಿ ಹತ್ತು ತಿಂಗಳು ರಬ್ಬರಿನ ಬೂಟಿನಲ್ಲೇ ಕಳೆದವು. ಚಪ್ಪಲಿ ಪೆಟ್ಟಿಗೆಯಲ್ಲೇ ಉಳಿಯಿತು. ಬಳ್ಳಿ ಕತ್ತರಿಸು, ಗೊನೆಗೆ ಕಾಗದದ ಚೀಲ ತೊಡಿಸು, ಹೀಗಲ್ಲ ಹಾಗೆ. ಇಡೀ ದಿನ ಯಾರಾದರೊಬ್ಬರು ನನ್ನನ್ನು ತಿದ್ದುತ್ತಿದ್ದರು. ಒಂದು ಭಾನುವಾರ ಮನೆಯ ಯಜಮಾನರು, “ಇವತ್ತು ಕೆಲಸವಿಲ್ಲ, ಒಬ್ಬನೇ ಹೋಗಿ ನಗರ ನೋಡಿ ಬಾ” ಎಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಥಣಿಯ ಚಪ್ಪಲಿ ಮೆಟ್ಟಿದೆ.

ಬಸ್ಸು ಹತ್ತಿದ ಮೇಲೆ ನನ್ನ ತಪ್ಪು ತಿಳಿಯಿತು. ನಮ್ಮ ಬಸ್ಸುಗಳಲ್ಲಿ ಕೋಳಿ, ಕೂಸು, ಕಂಡಕ್ಟರನ ಸೀಟಿ ಎಲ್ಲ ಇರುತ್ತವೆ. ಚಪ್ಪಲಿಯ ಸದ್ದು ಅದರೊಳಗೆ ಕರಗಿ ಹೋಗುತ್ತದೆ. ಅಲ್ಲಿಯ ಬಸ್ಸಿನಲ್ಲಿ ಜನ ಉಸಿರಾಡುವುದೂ ಕೇಳುತ್ತಿರಲಿಲ್ಲ. ನಾನು ಸೀಟಿನವರೆಗೆ ಇಟ್ಟ ಏಳೆಂಟು ಹೆಜ್ಜೆಗೆ ಇಡೀ ಬಸ್ಸು ನನ್ನ ಕಾಲು ನೋಡಿತು. ಚಾಲಕ ಕೂಡ ಕನ್ನಡಿಯಲ್ಲಿ ನೋಡಿದ. ಇಳಿಯುವಾಗ ತುದಿಗಾಲಲ್ಲಿ ನಡೆದೆ. ಆಗ ಸದ್ದು ಇನ್ನೂ ಜೋರಾಯಿತು.

ಪೇಟೆಯ ನಡುವೆ ಏಳಂತಸ್ತಿನ ಅಂಗಡಿಯೊಂದಿತ್ತು. ಲಿಫ್ಟಿನ ಬಳಿ ಬಿಳಿ ಕೈಗವಸು ತೊಟ್ಟ ಹುಡುಗಿ ನನಗೆ ತಲೆಬಾಗಿ ನಮಸ್ಕರಿಸಿದಳು. ನಾನೂ ಬಾಗಿದೆ. ಅವಳು ಮತ್ತೆ ಬಾಗಿದಳು, ನಾನು ಬಿಡಲಿಲ್ಲ. ನಾಲ್ಕನೆಯ ಸಲಕ್ಕೆ ಒಳಗೆ ನಿಂತವರು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ನೆಲಮಾಳಿಗೆಯಲ್ಲಿ ದ್ರಾಕ್ಷಿ ಮಾರುತ್ತಿದ್ದರು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮೆತ್ತನೆಯ ಹಾಸಿನ ಮೇಲೆ ಒಂದೇ ಒಂದು ಗೊನೆ, ಅದಕ್ಕೆ ರೇಷ್ಮೆಯ ಪಟ್ಟಿ. ನಮ್ಮಲ್ಲಿ ಎಳೆಗೂಸನ್ನೂ ಅಷ್ಟು ಜತನದಿಂದ ಮಲಗಿಸುವುದಿಲ್ಲ. ಒಂದು ಹೋಟೆಲಿನ ಗಾಜಿನೊಳಗೆ ಅನ್ನ, ಮೀನು, ಸಾರು ಜೋಡಿಸಿಟ್ಟಿದ್ದರು. ಇಷ್ಟೆಲ್ಲ ತೆರೆದಿಟ್ಟರೂ ಒಂದು ನೊಣವೂ ಇಲ್ಲವಲ್ಲ ಎಂದು ಬೆರಗಾಗಿ ಬಹಳ ಹೊತ್ತು ನಿಂತೆ. ಅದು ಮೇಣದಿಂದ ಮಾಡಿದ ಊಟವೆಂದು ಒಳಗಿದ್ದ ಹೆಂಗಸು ಬಂದು ಗಾಜು ತಟ್ಟಿ ತೋರಿಸಿದಳು.

ಅಲ್ಲಿಂದ ಮುಂದೆ ಮೇಲೆ ಸೂರು ಹೊದಿಸಿದ ಉದ್ದನೆಯ ಓಣಿ. ಛತ್ರಿಯ ಅಂಗಡಿ, ಬಾಚಣಿಗೆಯ ಅಂಗಡಿ, ಚಹಾಪುಡಿಯ ಅಂಗಡಿ. ಕೊನೆಯಲ್ಲಿ ಪಾದರಕ್ಷೆ ಮಾಡುವ ಹಳೆಯ ಅಂಗಡಿ. ನಮ್ಮ ಮಠಗಳಲ್ಲಿ ಕಾಣುವ ಹಾವಿಗೆಯಂಥ ಕಟ್ಟಿಗೆಯ ಮೆಟ್ಟುಗಳು ಅಲ್ಲಿ ಸಾಲಾಗಿದ್ದವು. ಎತ್ತರದ ಚಾಪೆಯ ನೆಲದ ಮೇಲೆ ಮಂಡಿಯೂರಿ ಕೂತಿದ್ದ ಮುದುಕರೊಬ್ಬರು ನನ್ನ ಹೆಜ್ಜೆಯ ಸದ್ದಿಗೆ ತಲೆ ಎತ್ತಿದರು. ಬಾ ಎಂದು ಕೈ ಮಾಡಿದರು.

ನಾನು ಚಪ್ಪಲಿ ಕಳೆದು ಮೇಲೆ ಹತ್ತಿದೆ. ಬಂದವರು ಹೊರಡುವಾಗ ಸುಲಭವಾಗಿ ಮೆಟ್ಟಲಿ ಎಂದು ಅವರ ಪಾದರಕ್ಷೆಯನ್ನು ಬಾಗಿಲ ಕಡೆಗೆ ತಿರುಗಿಸಿಡುವುದು ಅಲ್ಲಿಯ ರೂಢಿ. ಆ ಮುದುಕರೂ ಅದಕ್ಕೆಂದೇ ಬಗ್ಗಿದರು. ಆದರೆ ಎತ್ತಿದ್ದನ್ನು ಕೆಳಗಿಡಲಿಲ್ಲ. ನಮ್ಮಲ್ಲಿ ಚಪ್ಪಲಿ ಕೈಗೆ ಬಂತೆಂದರೆ ಜಗಳ ಎಂದರ್ಥ. ಅವರು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಮೂಸಿ, ಪಟ್ಟಿಯ ಹೆಣಿಗೆಯ ಮೇಲೆ ಬೆರಳಾಡಿಸಿದರು. ಒಂದೂ ಮೊಳೆ ಇಲ್ಲ. ತೊಗಲನ್ನು ತೊಗಲಿನ ಎಳೆಯಿಂದಲೇ ಹೊಲಿದದ್ದು. ಅವರ ಕಣ್ಣು ತುಂಬಿದವೋ, ವಯಸ್ಸಿಗೆ ಹಾಗಿದ್ದವೋ ತಿಳಿಯದು.

“ಇದನ್ನು ಮಾಡಿದವರು ಯಾರು?” ಎಂದು ಕೇಳಿದರು.

ನನ್ನ ಮುರುಕು ಜಪಾನಿ ಭಾಷೆಯಲ್ಲಿ ಹೇಳಿದೆ: “ನಾನು.”

ಏಕೆ ಹೇಳಿದೆ? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಅಥಣಿಯಲ್ಲಿ ಯಾರಾದರೂ ನನ್ನನ್ನು ಚಪ್ಪಲಿ ಮಾಡುವವನು ಎಂದಿದ್ದರೆ ಹೊಡೆದಾಟವೇ ಆಗುತ್ತಿತ್ತು. ಊರಿನಲ್ಲಿ ಯಾವ ಮಾತನ್ನು ಬೈಗುಳವೆಂದು ತಿಳಿದಿದ್ದೆನೋ ಅದಕ್ಕೆ ಅಲ್ಲಿ ಗೌರವವಿತ್ತು. ಗೌರವ ಕಂಡ ಕೂಡಲೇ ಅದನ್ನು ಕದ್ದೆ. ಹತ್ತು ತಿಂಗಳು ಎಲ್ಲರಿಂದ ತಿದ್ದಿಸಿಕೊಂಡವನಿಗೆ ಒಮ್ಮೆ ದೊಡ್ಡವನಾಗುವ ಆಸೆಯಿತ್ತು, ಅಷ್ಟೇ.

ದೊಡ್ಡವನನ್ನಾಗಿ ಮಾಡಿಯೇ ಬಿಟ್ಟರು. ಮುದುಕರು ಹೆಂಡತಿಯನ್ನು ಕರೆದರು. ಛತ್ರಿ ಅಂಗಡಿಯವರು ಬಂದರು, ಬಾಚಣಿಗೆಯವರು ಬಂದರು. ಬಿಳಿಯ ಬಟ್ಟೆ ಹಾಸಿ ಚಪ್ಪಲಿಗಳನ್ನು ಅದರ ಮೇಲಿಟ್ಟರು, ನನ್ನನ್ನು ದಿಂಬಿನ ಮೇಲೆ ಕೂರಿಸಿ ಚಹಾ ಕೊಟ್ಟರು. ಒಬ್ಬೊಬ್ಬರೂ ಚಪ್ಪಲಿಗೊಮ್ಮೆ, ನನಗೊಮ್ಮೆ ತಲೆಬಾಗಿದರು. ತೊಗಲನ್ನು ಯಾವುದರಿಂದ ಹದ ಮಾಡುತ್ತೀರಿ ಎಂದರು. ಜಾಲಿಯ ತೊಗಟೆ ಎಂದೆ, ಅಷ್ಟು ಗೊತ್ತಿತ್ತು. ಈ ಸದ್ದು ಎಲ್ಲಿಂದ ಬರುತ್ತದೆ ಎಂದರು. ಅದು ಗೊತ್ತಿರಲಿಲ್ಲ. ಗುಟ್ಟು ಎನ್ನುವಂತೆ ತುಟಿಯ ಮೇಲೆ ಬೆರಳಿಟ್ಟೆ. “ಓ!” ಎಂದು ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು. ನನ್ನ ಅಜ್ಞಾನಕ್ಕೆ ಅಷ್ಟು ಮರ್ಯಾದೆ ಇನ್ನೆಲ್ಲೂ ಸಿಕ್ಕಿಲ್ಲ.

ಕೊನೆಗೆ ಮುದುಕರು ದಪ್ಪ ಕಾಗದ ಹಾಸಿ, ಅದರ ಮೇಲೆ ತಮ್ಮ ಪಾದವಿಟ್ಟು, ತಾವೇ ಬಗ್ಗಿ ಗೆರೆ ಎಳೆದರು. ಅದನ್ನು ಮಡಿಸಿ ನನ್ನ ಕೈಗಿಟ್ಟು, “ನಿಮ್ಮ ಕೈಯಿಂದ ನನಗೊಂದು ಜೋಡಿ ಮಾಡಿ ಕಳಿಸಿ. ನನ್ನ ಅಂಗಡಿಯ ಗಾಜಿನೊಳಗೆ ನಿಮ್ಮ ಹೆಸರು ಬರೆದಿಡುತ್ತೇನೆ” ಎಂದರು. ಆಗಲಿ ಎಂದೆ. ಮರಳುವ ಬಸ್ಸಿನಲ್ಲಿ ಜನ ನನ್ನ ಕಾಲು ನೋಡಿದಾಗ ಎದೆಯುಬ್ಬಿಸಿ ಕೂತೆ.

ಎರಡು ತಿಂಗಳ ಮೇಲೆ ಊರಿಗೆ ಬಂದೆ. ಕಾಗದ ತೆಗೆದುಕೊಂಡು ಅಥಣಿಯಲ್ಲಿ ಚಪ್ಪಲಿ ಮಾಡುವವರ ಓಣಿಗೆ ಹೋದೆ. ಆ ಓಣಿಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ನನ್ನ ಜೋಡಿ ಮಾಡಿದ್ದವರನ್ನು ಮನೆಗೇ ಕರೆಸಿದರೆ ಅಪ್ಪನ ಮುಂದೆ ಮಾತು ಹೊರಬಿದ್ದೀತೆಂಬ ಭಯ. ಅವರು ಕಟ್ಟೆಯ ಮೇಲೆ ತೊಗಲು ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಸಣ್ಣ ಎಳೆಗಳಿಂದ ಪಟ್ಟಿ ಹೆಣೆಯುತ್ತಿದ್ದರು. ಹೆಣಿಗೆಯೆಲ್ಲ ಹೆಂಗಸರದು ಎಂದು ನನಗೆ ಗೊತ್ತಾದದ್ದೇ ಆಗ.

“ನಮ್ಮ ಬೀಗರ ಕಾಲಿನ ಅಳತಿ ಐತಿ. ಒಂದು ಜೋಡಿ ಮಾಡಿ ಕೊಡು,” ಎಂದೆ.

ಅವರು ಕಾಗದ ಬಿಚ್ಚಿ ಬಹಳ ಹೊತ್ತು ನೋಡಿದರು. “ಯಾವೂರ್ ಬೀಗ್ರ್ರೀ?”

“ಜಮಖಂಡಿ ಕಡೇವ್ರು.”

“ಜಮಖಂಡ್ಯಾಗ ನಿಮ್ಮ ಬೀಗ್ರು ಚಪ್ಪಲಿ ಮಾಡ್ತಾರನ್ರಿ?”

“ಏ, ಏನ್ ಮಾತಾಡ್ತಿ?”

“ಸಿಟ್ಟಾಗಬ್ಯಾಡ್ರಿ. ಬ್ಯಾರೇದವ್ರು ಗೆರಿ ಎಳದ್ರ ಸೀಸಕಡ್ಡಿ ಒಳಗ ವಾಲತೈತಿ, ಪಾದ ಸಣ್ಣದಾಗತೈತಿ. ಇಂವ ನೆಟ್ಟಗ ಹಿಡದಾನ. ಹೆಬ್ಬೆರಳ ಸಂದಿಗಿ ಗುರ್ತು ಹಾಕ್ಯಾನ, ಹಿಮ್ಮಡಕ್ಕ ಚುಕ್ಕಿ ಇಟ್ಟಾನ. ಇದನ್ನ ಎಳದಾವ ನಮ್ಮಂವ ಅದಾನ್ರಿ.”

ಹೆಂಡತಿ ಬಗ್ಗಿ ನೋಡಿ, “ಕಾಲ್ ನೋಡ್ರಿ, ಎಷ್ಟ್ ಸಣ್ಣದೈತಿ! ಬೀಗರದಲ್ಲ, ಯಾವಾಕೀದರ ಇದ್ದೀತು. ಖರೇ ಹೇಳ್ರಿ ಗೌಡ್ರ, ನಾವು ಯಾರ ಮುಂದೂ ಹೇಳೂದಿಲ್ಲ,” ಎಂದರು.

ಓಣಿಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಏಳು ಸಮುದ್ರದಾಚೆ ಕೂತ ಮುದುಕನನ್ನು ಇವರು ಒಂದು ಗೆರೆಯಲ್ಲಿ ಗುರುತಿಸಿದ್ದರು. ನಾನು ಅವರ ಮಧ್ಯೆ ನಿಂತು ಇಬ್ಬರಿಗೂ ಮೋಸ ಮಾಡುತ್ತಿದ್ದೆ. ಕಟ್ಟೆಯ ಮೇಲೆ ಕೂತೆ. ಬಸ್ಸಿನಿಂದ ಹಿಡಿದು ಗಾಜಿನೊಳಗಿನ ಹೆಸರಿನವರೆಗೆ ಎಲ್ಲ ಹೇಳಿದೆ.

ಅವರು ಕಾಗದವನ್ನು ತೊಡೆಯ ಮೇಲೆ ಸವರಿ ಸರಿಮಾಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, “ಕೇಳಿದೇನ? ನಮ್ಮ ಮಕ್ಕಳು ಚಪ್ಪಲಿ ಮಾಡ್ತೀವಿ ಅಂತ ಹೇಳಾಕ ನಾಚ್ತಾವ. ಗೌಡರ ಮಗ ಹೇಳಿ ಬಂದಾನ!” ಎಂದರು.

“ಹೇಳೂದೇನು ದೊಡ್ಡದು?” ಎಂದರು ಆ ತಾಯಿ. ತೊಗಲಿಗೆ ತೂತು ಹಾಕುವ ಆರಿಯನ್ನು ನನ್ನ ಮುಂದೆ ಇಟ್ಟರು. “ನಿಮ್ಮ ಕೈಯಿಂದ ಅಂತ ಕೇಳ್ಯಾನಲ್ಲ ಆ ಮುತ್ಯಾ? ಕುಂದ್ರ್ರಿ. ಮಾಡ್ರಿ.”

ಐದು ದಿನ ಹಗಲೆಲ್ಲ ಆ ಕಟ್ಟೆಯ ಮೇಲೆ ಕೂತೆ. ಪೇಟೆಗೆ ಬಂದ ನಮ್ಮೂರವರು ಓಣಿಯ ತುದಿಯಲ್ಲಿ ನಿಂತು ನೋಡಿ ಹೋದರು. ಮೊದಲ ದಿನವೇ ಬೆರಳಿಗೆ ಆರಿ ಚುಚ್ಚಿತು. “ಅಳಬ್ಯಾಡ್ರಿ, ಈಗ ತೊಗಲಿಗಿ ನಿಮ್ಮ ಗುರ್ತು ಸಿಕ್ಕತು,” ಎಂದು ಆ ತಾಯಿ ಅರಿಶಿನ ಒತ್ತಿದರು. ಅವರ ಮನೆಯ ರೊಟ್ಟಿ ತಿಂದೆ, ಅವರ ಕೊಡದಿಂದಲೇ ನೀರು ಕುಡಿದೆ. ಸದ್ದಿನ ಗುಟ್ಟನ್ನೂ ತೋರಿಸಿಕೊಟ್ಟರು. ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಅಷ್ಟು ಮಾಡಿಯೂ ಆ ಜೋಡಿಯಲ್ಲಿ ನನ್ನದೆಂದು ಉಳಿದದ್ದು ಎಡಗಾಲ ಹಿಮ್ಮಡಿಯ ಕೆಳಗಿನ ಒಂದು ಗೇಣು ಹೊಲಿಗೆ. ಉಳಿದದ್ದನ್ನೆಲ್ಲ ಅವರು ಬಿಚ್ಚಿ ಮತ್ತೆ ಹೊಲಿದರು.

ಚಪ್ಪಲಿಯ ಜೊತೆ ಕಳಿಸಲು, ಕಲಿತಿದ್ದಷ್ಟು ಜಪಾನಿ ಅಕ್ಷರಗಳಲ್ಲಿ ಪತ್ರ ಬರೆದೆ: ನಾನು ಸುಳ್ಳು ಹೇಳಿದ್ದೆ, ಮಾಡಿದವರು ಇವರು. ಅವರ ಹೆಸರನ್ನು ಕನ್ನಡದಲ್ಲೂ ದೊಡ್ಡದಾಗಿ ಬರೆದೆ. ಹೆಂಡತಿ ಪತ್ರ ನೋಡಿ, “ಎಷ್ಟ್ ಹೆಸರ್ ಬರದ್ರಿ?” ಎಂದರು.

“ಒಂದು. ಯಜಮಾನ್ರದು.”

“ಹೆಣಿಕಿ ತಾನ ಹೆಣಕೊಂತೇನು?”

ಎರಡೂ ಹೆಸರು ಬರೆದು ಅಂಚೆಗೆ ಹಾಕಿದೆ.

ನಾಲ್ಕು ತಿಂಗಳು ಉತ್ತರವಿಲ್ಲ. ಮುದುಕರು ಮುನಿದರು, ನನ್ನ ಸುಳ್ಳಿನಿಂದ ಇವರ ಕೆಲಸಕ್ಕೂ ಅವಮಾನವಾಯಿತು ಎಂದುಕೊಂಡೆ. ಆಮೇಲೊಂದು ಲಕೋಟೆ ಬಂತು. ಒಳಗೆ ಒಂದೇ ಫೋಟೋ: ಗಾಜಿನ ಪೆಟ್ಟಿಗೆ, ಬಿಳಿಯ ಬಟ್ಟೆ, ಮೇಲೆ ಆ ಜೋಡಿ. ಮುಂದೆ ನಿಲ್ಲಿಸಿದ ಫಲಕದಲ್ಲಿ ಕುಂಚದಿಂದ ಬರೆದ ಕನ್ನಡ ಅಕ್ಷರಗಳು. ರಂಗೋಲಿ ಕಲಿಯುವವರ ಹಾಗೆ ಒಂದೊಂದನ್ನೂ ನೋಡಿ ನೋಡಿ ಬರೆದದ್ದು. ಗಂಡನ ಹೆಸರು, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಹೆಂಡತಿಯದು. ಫೋಟೋದ ಹಿಂದೆ ಒಂದು ಸಾಲು: “ನಿಮ್ಮ ಹೊಲಿಗೆ ಯಾವುದೆಂದು ನೋಡಿದ ಕೂಡಲೇ ತಿಳಿಯಿತು.”

ಓಡಿಹೋಗಿ ಓಣಿಯಲ್ಲಿ ಓದಿ ಹೇಳಿದೆ. ಯಜಮಾನರು ಮತ್ತೆ ಮತ್ತೆ ಫೋಟೋ ಮುಟ್ಟಿ ನೋಡಿ ಹೇಳಿದರು: “ಇದನ್ನ ನಾವು ಮಾಡೇವಿ ಅಂತ ಈ ಓಣಿಗಿ ಗೊತ್ತೈತ್ರಿ. ನಿಮ್ಮೂರ ಕಟ್ಟಿ ಮ್ಯಾಲ ಓದ್ರಿ.”

ಮರುದಿನ ಇಬ್ಬರೂ ಒಗೆದ ಬಟ್ಟೆ ಉಟ್ಟು ಬಸ್ಸಿನಿಂದ ನಮ್ಮೂರಲ್ಲಿ ಇಳಿದರು. ಬೇವಿನ ಮರದ ಕಟ್ಟೆಯ ಮೇಲೆ ಅಪ್ಪ, ಊರಿನ ಹಿರಿಯರು ಕೂತಿದ್ದರು. ನಾನು ಇಬ್ಬರನ್ನೂ ಕೈಹಿಡಿದು ಕಟ್ಟೆ ಹತ್ತಿಸಿದೆ. ಯಾರೂ ಸರಿದು ಜಾಗ ಕೊಡಲಿಲ್ಲ, ಆದರೆ ಯಾರೂ ಎದ್ದು ಹೋಗಲೂ ಇಲ್ಲ. ಜಪಾನಿನಲ್ಲಿ ಹೇಳಿದ ಸುಳ್ಳನ್ನು ಮೊದಲು ಹೇಳಿದೆ. ಆಮೇಲೆ ಫೋಟೋ ಎತ್ತಿ ಹಿಡಿದು ಎರಡು ಹೆಸರು ಓದಿದೆ.

ಅಪ್ಪ ಕೈಯನ್ನು ಕಿವಿಯ ಹಿಂದಿಟ್ಟು, “ಯಾರ್ ಯಾರ್ ಹೆಸರಂದಿ? ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮಿ ಓದ,” ಎಂದರು.

ಅಪ್ಪನ ಕಿವಿ ಚೆನ್ನಾಗಿಯೇ ಇದ್ದವು.

“ಗಟ್ಟ್ಯಾಗಿ ಓದ್ರಿ ಗೌಡ್ರ, ಗಾಡಿ ಸಪ್ಪಳಾ ಐತಿ,” ಎಂದರು ಆ ತಾಯಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾ. ಕಾಗವಾಡದ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಕೆಳಗಿಳಿದು ನೋಡುತ್ತಿದ್ದ, ಕಿಟಕಿಗಳಿಂದ ತಲೆಗಳು ಹೊರಬಂದಿದ್ದವು. ನಾನು ಕಟ್ಟೆಯ ಅಂಚಿಗೆ ಬಂದು ನಿಂತೆ. ಬಸ್ಸಿನ ಕೊನೆಯ ಸೀಟಿನವರಿಗೂ ಕೇಳುವಂತೆ ಓದಿದೆ.