ಇಸಾಕ್ ಸಾಬರ ಬೋರ್ಡು

ಕುಣಿಗಲ್ ಕೆರೆಯ ದಾರಿಯಲ್ಲಿ ಇಸಾಕ್ ಸಾಬರ ಗ್ಯಾರೇಜಿನ ಬೋರ್ಡು ನೋಡಿ ನಗದವರಿರಲಿಲ್ಲ. ಊರೆಲ್ಲ ‘ಅಂಡ್ ಸನ್ಸ್’ ಎಂದು ಬರೆಸಿದರೆ ಇವರು ‘ಇಸಾಕ್ ಅಂಡ್ ಡಾಟರ್’ ಎಂದು ಬರೆಸಿದ್ದರು. ನಕ್ಕವರು ನಗಲಿ, ಮಗಳ ವಿಷಯದಲ್ಲಿ ಸಾಬರಿಗೆ ಜಂಬವಿತ್ತು. ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋದವರಲ್ಲ.

ನಲವತ್ತು ವರ್ಷ ಕಾರ್ಬ್ಯುರೇಟರ್ ಬಿಚ್ಚಿದ ಕೈ ಅವರದು. ಮಗಳು ಅರ್ಜೂ ಡಿಪ್ಲೊಮಾ ಮುಗಿಸಿ, ಲ್ಯಾಪ್‌ಟಾಪಿನಿಂದ ಎಂಜಿನ್ ಟ್ಯೂನ್ ಮಾಡುವವಳು. ಆದರೂ ಬಂದವರೆಲ್ಲ ಅವಳ ಮುಖ ನೋಡಿ ‘ಸಾಬ್ರು ಇಲ್ವಾ?’ ಎಂದೇ ಕೇಳುತ್ತಿದ್ದರು.

ಗುಬ್ಬಿಯ ಗಂಗಾಧರನೂ ಹಾಗೇ ಕೇಳಿದ. ಹಳೇ ಕಾರಿನ ಎಂಜಿನ್ ನಡೆಸುವ ಕಂಪನಿ ಕಂಪ್ಯೂಟರ್ ಕಿತ್ತು, ಹೊರಗಿನದೊಂದು ಹಾಕಿಸಿದ್ದ. ಅಂದಿನಿಂದ ಕಾರು ಕರೀ ಹೊಗೆ ಕಾರುತ್ತ ಜಗ್ಗುತ್ತಿತ್ತು.

“ತುಮಕೂರಲ್ಲಿ ಒಬ್ರು, ನಾವು ಹಾಕಿದ್ದಲ್ಲ, ಮುಟ್ಟಲ್ಲ ಅಂದ್ರು. ಇನ್ನೊಬ್ರು ಮುಟ್ಟಿ ಇನ್ನಷ್ಟು ಕೆಡಿಸಿದ್ರು. ನೀವೇ ನೋಡಿ ಸಾಬ್ರೇ, ಹುಡ್ಗಿ ಕಲಿಯೋಕೆ ನನ್ ಕಾರೇ ಬೇಕಾ?”

ಸಾಬರಿಗೆ ಮೈಯೆಲ್ಲ ಉರಿದುಹೋಯಿತು. “ಅವಳ ಕೈಲಿ ಆಗ್ಲಿಲ್ಲ ಅಂದ್ರೆ ಸಂಜೆಗೇ ಆ ಬೋರ್ಡ್ ಇಳಿಸ್ತೀನಿ!”

ಅಂದದ್ದೇನೋ ಅಂದರು, ಆಮೇಲೆ ಕಾರಿನ ಸುತ್ತ ಸುಮ್ಮನೆ ಎರಡು ಸುತ್ತು ಹಾಕಿದರು.

ಅರ್ಜೂ ಲ್ಯಾಪ್‌ಟಾಪ್ ಜೋಡಿಸಿದಳು. ಪೆಟ್ರೋಲ್ ಸಾಲುತ್ತಿಲ್ಲ ಎಂದಿತು ಸ್ಕ್ರೀನು. ಸ್ವಲ್ಪ ಹೆಚ್ಚಿಸಿದಳು. ಹೊಗೆ ದಟ್ಟವಾಯಿತು. ಗಂಗಾಧರ ಮೂಗು ಮುಚ್ಚಿಕೊಂಡು ಬೋರ್ಡಿನ ಕಡೆ ನೋಡಿದ. ಸಾಬರಿಗೆ ಸ್ಪ್ಯಾನರ್ ಹಿಡಿಯಲು ಕೈ ಕಡಿಯುತ್ತಿತ್ತು. ಆದರೆ ತಾವು ಕೈ ಹಾಕಿದರೆ ಬೋರ್ಡೇ ಸುಳ್ಳಾಗುತ್ತದಲ್ಲ? ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು.

ಅಷ್ಟರಲ್ಲಿ ಅರ್ಜೂ ಎಂಜಿನ್ ಆಫ್ ಮಾಡಿ, ಆರಲು ಬಿಟ್ಟು, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಳೀ ಹಾಳೆಯ ಮೇಲೆ ಸಾಲಾಗಿಟ್ಟಳು. ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಹೊಟ್ಟೆ ತಿಳಿಯುವುದು ಸಾಬರ ಪಾಠ. ಅವಳಿಗೆ ಆರು ವರ್ಷವಿದ್ದಾಗಲೇ ಹೇಳಿಕೊಟ್ಟಿದ್ದರು. ಪ್ಲಗ್ಗುಗಳು ಮಸಿ ಹಿಡಿದು ಕಪ್ಪಾಗಿದ್ದವು.

“ಅಬ್ಬಾ,” ಎಂದು ಅಪ್ಪನನ್ನು ಕರೆದಳು, “ಪೆಟ್ರೋಲ್ ಜಾಸ್ತಿನೇ ಹೋಗ್ತಾ ಇದೆ. ಸ್ಕ್ರೀನ್ ಸುಳ್ಳು ಹೇಳ್ತಿದೆ.”

ಕಾರಿನಡಿ ನುಸುಳಿ ಹುಡುಕಿದಳು. ಹೊಗೆ ಪೈಪಿನ ಜಾಯಿಂಟ್ ಬಿರುಕು ಬಿಟ್ಟಿತ್ತು. ಅಲ್ಲಿಂದ ಹೊರಗಿನ ಗಾಳಿ ನುಗ್ಗಿ, ಹೊಗೆಯಲ್ಲಿ ಎಷ್ಟು ಗಾಳಿಯಿದೆ ಎಂದು ಅಳೆಯುವ ಸೆನ್ಸರನ್ನು ಮೋಸಗೊಳಿಸುತ್ತಿತ್ತು. ಸ್ಕ್ರೀನನ್ನೇ ನಂಬಿದವರು ಪೆಟ್ರೋಲ್ ಸುರಿದದ್ದೇ ಸುರಿದದ್ದು. ಅವಳು ಜಾಯಿಂಟ್ ಸರಿಮಾಡಿ, ಪೆಟ್ರೋಲಿನ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹೊಸದಾಗಿ ಕೂಡಿಸಿದಳು.

ಇಳಿಹೊತ್ತಿಗೆ, ಅಸರ್ ನಮಾಜಿನ ಸಮಯಕ್ಕೆ, ಗಂಗಾಧರ ಹೈವೇ ಸುತ್ತಿಕೊಂಡು ಬಂದ. ಹೊಗೆಯಿಲ್ಲ, ಜಗ್ಗಾಟವಿಲ್ಲ. “ನಂದೇ ತಪ್ಪು ಕಣಮ್ಮ,” ಎಂದ ಅರ್ಜೂಗೆ. ಸಾಬರು ಕಣ್ಣೊರೆಸಿಕೊಂಡು, ಕಣ್ಣಿಗೆ ಹೊಗೆ ಹೋಯಿತು ಎಂದು ಇಲ್ಲದ ಹೊಗೆಯ ಮೇಲೇ ತಪ್ಪು ಹಾಕಿದರು.

ಮುಂದಿನ ವಾರ ಬೆಳ್ಳಾವಿಯಿಂದ ಒಬ್ಬ ಬಂದ. ಬಾಗಿಲಲ್ಲಿ ಕೂತಿದ್ದ ಸಾಬರನ್ನು ದಾಟುತ್ತ, “ಯಜಮಾನ್ರೇ, ಅರ್ಜೂ ಮೇಡಂ ಇದಾರಾ?” ಎಂದ.

ನಲವತ್ತು ವರ್ಷದಲ್ಲಿ ಯಾರೂ ಸಾಬರನ್ನು ಹಾಗೆ ದಾಟಿ ಹೋಗಿರಲಿಲ್ಲ. “ಇದಾಳೆ, ಒಳಗೆ ಹೋಗಿ,” ಎಂದು ಎದ್ದು ನಿಂತು ದಾರಿ ಬಿಟ್ಟರು.